ಚೆನ್ನಾಜಮ್ಮನ ಕಣ್ಣಳತೆ

ನಮ್ಮೂರಿನಲ್ಲಿ ಮಗುವಿಗೆ ಹೆಸರಿಡುವ ದಿನವೇ ಒಂದು ಭಯವನ್ನೂ ಇಡುತ್ತಾರೆ. ತೊಟ್ಟಿಲಿಗೆ ಹಾಕಿ ಒಂದು ಕಿವಿಯಲ್ಲಿ ಹೆಸರು ಹೇಳಿದ ಮೇಲೆ, ಸೋದರತ್ತೆ ಬಗ್ಗಿ ಇನ್ನೊಂದು ಕಿವಿಯಲ್ಲಿ ಭಯವನ್ನು ಹೇಳಬೇಕು. ಸಿಡಿಲು, ಹಾಳುಬಾವಿ, ಗೂಬೆ, ಬೆಂಕಿ, ಸೂಜಿಮದ್ದು, ಹೀಗೆ. ಅಕ್ಕಪಕ್ಕದ ಮನೆಯ ಮಕ್ಕಳಿಗೆ ಒಂದೇ ಭಯ ಬೀಳಬಾರದೆಂದು ಬೀದಿಯ ಹಿರಿಯರು ಮೊದಲೇ ಮಾತಾಡಿಕೊಂಡಿರುತ್ತಾರೆ. ಹೆಣ್ಣು ನೋಡಲು ಹೋದವರು ಜಾತಕಕ್ಕಿಂತ ಮುಂಚೆ ವಿಚಾರಿಸುವುದು ಇದನ್ನೇ. ಹುಡುಗನಿಗೂ ಸಿಡಿಲು, ಹುಡುಗಿಗೂ ಸಿಡಿಲು ಅಂದರೆ ಉಪ್ಪಿಟ್ಟು ತಿಂದು ಕೈತೊಳೆದು ಎದ್ದು ಬರುವುದೇ. ನನ್ನ ಮದುವೆ ಎರಡು ಸಲ ತಪ್ಪಿಹೋದದ್ದು ಹೀಗೆ. ಹಲ್ಲಿಗೆ ಹೆದರುವ ಗಂಡಸರು ಊರಿನಲ್ಲಿ ಅಷ್ಟೊಂದಿದ್ದಾರೆಂದು ಯಾರಿಗೆ ಗೊತ್ತಿತ್ತು?

ನನಗೆ ಹಲ್ಲಿಯನ್ನು ಇಟ್ಟವಳು ದೊಡ್ಡಮ್ಮ ಚೆನ್ನಾಜಮ್ಮ. ನನ್ನನ್ನು ಹೆತ್ತ ವಾರದಲ್ಲೇ ಅಮ್ಮ ತೀರಿಕೊಂಡಳು, ಅಪ್ಪನ ಕಡೆಯಿಂದ ನಾಮಕರಣಕ್ಕೆ ಯಾರೂ ಬರಲಿಲ್ಲ, ಹಾಗಾಗಿ ಎರಡೂ ಕಿವಿಗಳ ಕೆಲಸ ಅಮ್ಮನ ಅಕ್ಕನ ಪಾಲಿಗೇ ಬಂತು. ಹೆಸರು ನೀಲಾಂಬಿಕೆ, ಭಯ ಹಲ್ಲಿ. ತಿಳಿವಳಿಕೆ ಬಂದ ಮೇಲೆ ಒಮ್ಮೆ ನಾನು ಜಗಳ ತೆಗೆದಿದ್ದೆ. ಬೇರೆಯವರಿಗೆಲ್ಲ ಬೆಂಕಿ, ಸಿಡಿಲು ಅಂತ ಘನವಾದದ್ದು ಇಟ್ಟಿದ್ದಾರೆ, ನನಗೆ ಮಾತ್ರ ಹಲ್ಲಿ ಯಾಕೆ ಎಂದು. "ಹಲ್ಲಿ ಆದ್ರೆ ಪೊರಕೆ ತಗೊಂಡು ಓಡಿಸ್ಬೋದು ಕಣೆ," ಅಂದಳು. "ಸಿಡಿಲನ್ನ ನಾನು ಯಾವ ಪೊರಕೇಲಿ ಓಡಿಸ್ಲಿ?" ಹೇಳಿದಂತೆ ಓಡಿಸುತ್ತಲೂ ಇದ್ದಳು. ನಾನು ನೌಕರಿಗೆ ಸೇರಿ ಪಕ್ಕದ ಮನೆಯನ್ನೇ ಬಾಡಿಗೆಗೆ ಹಿಡಿದ ಮೇಲೂ ನನ್ನ ಕಿರುಚಾಟ ಗೋಡೆಯಾಚೆ ಕೇಳಿದರೆ ಸಾಕು, ಹೊಲಿಗೆ ಮಿಷನ್ನಿನ ಸದ್ದು ನಿಲ್ಲುತ್ತಿತ್ತು, ದೊಡ್ಡಮ್ಮ ಪೊರಕೆ ಹಿಡಿದು ಬಾಗಿಲಿಗೆ ಬಂದಿರುತ್ತಿದ್ದಳು.

ಇಷ್ಟೆಲ್ಲ ಯಾಕೆಂದರೆ, ನಮ್ಮೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ವಿಷಯಕ್ಕೆ ಹೆದರಿದರೆ ಅದು ನಿಜವಾಗಿಬಿಡುತ್ತದೆ. ಅರ್ಧ ದಾಟುವ ತನಕ ಅದು ಬರೀ ಬಾಯಿಮಾತು. ದಾಟಿದ ಮೇಲೆ ತಡೆಯುವವರಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ, ನೀರಿನ ಟ್ಯಾಂಕಿನ ಕಾವಲುಗಾರ ಕೆಂಚಯ್ಯ ನೀರಿಗೆ ವಿಷ ಹಾಕುತ್ತಾನೆಂಬ ಭಯ ಊರಿಗೆ ಹತ್ತಿತು. ಕೆಂಚಯ್ಯ ಇರುವೆಗಳಿಗೆ ಸಕ್ಕರೆ ಹಾಕುವ ಮನುಷ್ಯ. ಯಾಕೆ ಹತ್ತಿತು, ಯಾರಿಂದ ಹತ್ತಿತು, ಇವತ್ತಿಗೂ ಗೊತ್ತಿಲ್ಲ. ಅರ್ಧ ದಾಟಿದ ದಿನ ಅವನು ಟ್ಯಾಂಕಿನ ಮೆಟ್ಟಿಲ ಮೇಲೆ ಇಲಿಪಾಷಾಣದ ಡಬ್ಬಿ ಹಿಡಿದು ಅಳುತ್ತಾ ನಿಂತಿದ್ದ. "ಹಿಡ್ಕಳ್ರಪ್ಪೋ, ನನ್ ಕೈ ನನ್ ಮಾತ್ ಕೇಳ್ತಿಲ್ಲ," ಎಂದು ಕೂಗುತ್ತಲೇ ಒಂದೊಂದು ಮೆಟ್ಟಿಲು ಹತ್ತುತ್ತಿದ್ದ. ಹಿಡಿದರು. ಹಿಡಿದು ಏನು ಮಾಡಿದರೆಂದು ಊರು ಬಾಯಿ ಬಿಡುವುದಿಲ್ಲ, ನಾವೂ ಕೇಳುವುದಿಲ್ಲ.

ಅದಕ್ಕೇ ಪ್ರಚಾರ ಕಚೇರಿ ಇರುವುದು, ನನಗೆ ಸಂಬಳ ಬರುವುದೂ ಅದಕ್ಕೇ. ಪ್ರತಿ ವಾರ ನಮ್ಮ ಕಚೇರಿಯ 'ಕೇಳುವವರು' ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಹೋಗಿ, ಜನ ಯಾವುದಕ್ಕೆ ಹೆದರುತ್ತಿದ್ದಾರೆಂದು ಕೇಳಿಕೊಂಡು ಬರುತ್ತಾರೆ. ಶನಿವಾರ ನಮ್ಮ ಮುಖ್ಯಸ್ಥರಾದ ಗುರುಮಲ್ಲಪ್ಪನವರು ಅದನ್ನೆಲ್ಲ ಕೂಡಿಸಿ ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ. ಯಾವುದಾದರೂ ಭಯ ನೂರಕ್ಕೆ ಮೂವತ್ತು ದಾಟಿದರೆ ನಾನು ಬರೆಯಲು ಕೂರಬೇಕು. ಗೋಡೆಗೆ ಅಂಟಿಸುವ ನೋಟೀಸು, ಸಿನಿಮಾ ಟಾಕೀಸಿನ ಸ್ಲೈಡು, ಆಟೋದಲ್ಲಿ ಮೈಕು ಕಟ್ಟಿ ಕೂಗಿಸುವ ಮಾತು, ಎಲ್ಲ ನನ್ನದೇ. ಊರಿಗೆ ಧೈರ್ಯ ತುಂಬುವುದು ನಮ್ಮ ಕೆಲಸವೆಂದು ಹೊರಗಿನವರು ತಿಳಿದಾರು. ನಮ್ಮ ಕೆಲಸ ಭಯವನ್ನು ಹಂಚುವುದು, ಒಂದು ಎದೆಯಲ್ಲಿ ಒಂದು ಸಲಕ್ಕೆ ಒಂದೇ ಭಯಕ್ಕೆ ಜಾಗ. ನಾಯಿಯ ಭಯ ಏರಿದರೆ ಚೇಳನ್ನು ನೆನಪಿಸುವುದು, ಚೇಳು ಏರಿದರೆ ಕರೆಂಟು ತಂತಿಯನ್ನು.

ಇಪ್ಪತ್ತು ಸಾವಿರ ಜನರ ಊರಿನಲ್ಲಿ ನಾನೂರು ಜನರನ್ನು ಕೇಳಿ ಏನು ತಿಳಿಯುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಕೇಳಿದ್ದೆ. "ಅನ್ನ ಬೆಂದಿದೆಯಾ ನೋಡೋಕೆ ತಪಲೆ ಪೂರ್ತಿ ತಿಂತೀಯೇನಮ್ಮ? ಒಂದಗುಳು ಹಿಚುಕಿದ್ರೆ ಸಾಕು," ಅಂದರು ಗುರುಮಲ್ಲಪ್ಪನವರು. "ಆದ್ರೆ ತಳದಿಂದ ತಿರುವಿರ್ಬೇಕು. ಮೇಲಿನ ಅಗುಳನ್ನೇ ಹಿಚುಕ್ತಾ ಕೂತ್ರೆ ತಳ ಸೀದಿರೋದು ಗೊತ್ತಾಗಲ್ಲ," ಎಂದೂ ಸೇರಿಸಿದರು. ಒಮ್ಮೆ ಹಾಗೇ ಆಗಿತ್ತಂತೆ. ಆಗೆಲ್ಲ "ನಿಮಗೆ ಯಾವುದರ ಭಯ?" ಎಂದು ನೇರವಾಗಿ ಕೇಳುತ್ತಿದ್ದರು. ಜನ ಮರ್ಯಾದೆಗಂಜಿ ತಮ್ಮ ತಮ್ಮ ತೊಟ್ಟಿಲ ಭಯವನ್ನೇ ಹೇಳಿ ಕಳಿಸುತ್ತಿದ್ದರು. ಹಲಗೆಯ ಮೇಲೆ ಯಾವುದೂ ಹತ್ತು ದಾಟಿರಲಿಲ್ಲ, ಎಲ್ಲರೂ ನೆಮ್ಮದಿಯಾಗಿದ್ದರು, ಹಳೇ ಸೇತುವೆ ಹಾಡುಹಗಲೇ ಜನರ ಸಮೇತ ಕೂತುಹೋಯಿತು. ಮನಸ್ಸಿನಲ್ಲಿ ಎಲ್ಲರಿಗೂ ಇದ್ದದ್ದು ಸೇತುವೆಯ ಭಯವೇ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಎದೆಯಲ್ಲಿರುವುದು ಬರುತ್ತದೆ. ಅಂದಿನಿಂದ ಕೇಳುವವರು ಪ್ರಶ್ನೆ ಬದಲಿಸಿದರು: "ನಿಮ್ಮ ಪಕ್ಕದ ಮನೆಯವರಿಗೆ ಯಾವುದರ ಭಯ?" ತಮ್ಮ ವಿಷಯದಲ್ಲಿ ಸುಳ್ಳು ಹೇಳುವವರೂ ಪಕ್ಕದ ಮನೆಯವರ ವಿಷಯದಲ್ಲಿ ಸತ್ಯ ಹರಿಶ್ಚಂದ್ರರೇ.

ದೊಡ್ಡಮ್ಮ ಟೈಲರು. ಅವಳು ಯಾವತ್ತೂ ಟೇಪು ಹಿಡಿದವಳಲ್ಲ. ಬಂದವರನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದಳು, ಅಷ್ಟೇ. ರವಿಕೆಯಾಗಲಿ ಷರಟಾಗಲಿ ಒಂದು ನೂಲು ಹೆಚ್ಚುಕಮ್ಮಿಯಾಗುತ್ತಿರಲಿಲ್ಲ. ಅದನ್ನು ಮೆಚ್ಚಿಕೊಂಡೇ ಜನ ಮೂವತ್ತು ವರ್ಷ ಅವಳ ಹತ್ತಿರ ಹೊಲಿಸಿದರು. ಒಂದು ಬೇಸಿಗೆಯಲ್ಲಿ ಷರಟಿಗೆ ಕೊಟ್ಟುಹೋದ ಅಡಿಗೆ ಭಟ್ಟರೊಬ್ಬರು ಒಯ್ಯುವ ಮೊದಲೇ ಸತ್ತರು. ಮುಂದಿನ ತಿಂಗಳು ರವಿಕೆಗೆ ಕೊಟ್ಟ ಹೆಂಗಸೊಬ್ಬಳೂ ಸತ್ತಳು. ಎರಡು ಬಟ್ಟೆ ಗೋಡೆಯ ಮೊಳೆಯಲ್ಲಿ ಹಾಗೇ ನೇತಾಡುತ್ತಿದ್ದವು. ಯಾರೋ ಅದನ್ನು ನೋಡಿ, ಚೆನ್ನಾಜಮ್ಮ ಅಳತೆ ತೆಗೆಯುವುದು ಷರಟಿಗಲ್ಲ, ಹೆಣದ ಬಟ್ಟೆಗೆ ಅಂದರು. ತಮಾಷೆಗೇ ಅಂದಿರಬೇಕು.

ಈ ಮಾತನ್ನು ಮೊದಲು ನನಗೆ ತಂದವಳು ಖುರ್ಷಿದಾ. ಕೇಳುವವರಲ್ಲೆಲ್ಲ ಜಾಣೆ, ಸೈಕಲ್ಲಿನಲ್ಲಿ ಊರೆಲ್ಲ ಸುತ್ತುವವಳು, ನನಗಿಂತ ಚಿಕ್ಕವಳು. "ನೀಲಕ್ಕ, ಹೇಳ್ಬಾರ್ದು ಅನ್ಕೊಂಡಿದ್ದೆ," ಅಂದಳು. "ಅಕ್ಕಸಾಲಿ ಬೀದೀಲಿ ಮೂರು ಮನೆಯವ್ರು ಪಕ್ಕದ ಮನೆಯವ್ರಿಗೆ ನಿಮ್ ದೊಡ್ಡಮ್ಮನ ಕಣ್ಣಿನ ಭಯ ಅಂದ್ರು." ನಾನು ನಕ್ಕೆ. ಆ ಶನಿವಾರ ಹಲಗೆಯ ಕೆಳಮೂಲೆಯಲ್ಲಿ 'ಕಣ್ಣಳತೆ: ನಾಲ್ಕು' ಎಂದು ಇತ್ತು. ಮುಂದಿನ ಶನಿವಾರ ಒಂಬತ್ತು. ನನಗೆ ನಗು ಬರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪಾಠವಿದೆ, ಸೇರಿದ ದಿನವೇ ಹೇಳಿಕೊಡುತ್ತಾರೆ. ಭಯದ ಹೆಸರೆತ್ತಿ ಅದು ಸುಳ್ಳು ಎನ್ನಬಾರದು. ನಾನು ಆ ಪಾಠವನ್ನು ಹೊಸಬರಿಗೆ ಎಷ್ಟೋ ಸಲ ಒಪ್ಪಿಸಿದವಳು. ಆದರೆ ಆ ವಾರ ಗುರುಮಲ್ಲಪ್ಪನವರು ಮಗಳ ಬಾಣಂತನಕ್ಕೆಂದು ರಜದಲ್ಲಿದ್ದರು, ಮತ್ತು ಹಲಗೆಯ ಮೇಲಿದ್ದದ್ದು ನನ್ನ ದೊಡ್ಡಮ್ಮ. ಯಾರನ್ನೂ ಕೇಳದೆ ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದೆ: "ಚೆನ್ನಾಜಮ್ಮನವರ ಕಣ್ಣಿಗೆ ಹೆದರುವ ಕಾರಣವಿಲ್ಲ. ಅವರು ನೋಡಿದರೆ ಯಾರೂ ಸಾಯುವುದಿಲ್ಲ. ಗಾಳಿಮಾತಿಗೆ ಕಿವಿಗೊಡಬೇಡಿ." ಅಲ್ಲಿಯವರೆಗೆ ಆ ಮಾತು ಕೇಳಿದ್ದು ಎರಡು ಬೀದಿ. ಅಂದು ಸಾಯಂಕಾಲದೊಳಗೆ ಊರಿಗೂರೇ ಕೇಳಿತು. ಕೆರೆಯಾಚೆಯ ಬಡಾವಣೆಯಲ್ಲಿ, ದೊಡ್ಡಮ್ಮನ ಮುಖವನ್ನೇ ನೋಡಿರದ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರಂತೆ. ಶನಿವಾರ ಅದು ಮೂವತ್ತಾರು.

ಗುರುಮಲ್ಲಪ್ಪನವರು ಬಂದು ಹಲಗೆ ನೋಡಿದರು. ಬೈಯುತ್ತಾರೆಂದು ನಿಂತಿದ್ದೆ, ಬೈಯಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. "ಉರಿಯೋ ಬೆಂಕಿಗೆ ತುಪ್ಪ ಸುರಿದ್ಯಲ್ಲಮ್ಮ," ಅಂದರು. ಆಮೇಲೆ, "ಅಳ್ಬೇಡ. ಎಷ್ಟು ಜನ ಹೆದರಿದಾರೆ ಅನ್ನೋದನ್ನ ಬಿಡು. ಯಾರು ಹೆದರಿದಾರೆ ನೋಡೋಣ," ಎಂದು ಖುರ್ಷಿದಾಳನ್ನು ಕರೆದರು.

ಮೂವರೂ ಕೂತು ಬೀದಿ ಬೀದಿ ಬಿಡಿಸಿ ನೋಡಿದೆವು. ನಮ್ಮ ಬೀದಿಯಲ್ಲಿ ಭಯ ಬಹಳ ಕಡಿಮೆ. ದೊಡ್ಡಮ್ಮ ಹೊಲಿದ ಬಟ್ಟೆ ತೊಟ್ಟವರ ಮನೆಗಳಲ್ಲಿ ಇನ್ನೂ ಕಡಿಮೆ. ದೂರ ಹೋದಷ್ಟೂ ಜಾಸ್ತಿ. ಅವಳನ್ನು ಕಂಡವರಿಗೆ ಭಯವಿಲ್ಲ, ಕಾಣದವರಿಗೇ ಎಲ್ಲ ಭಯ. "ಹಂಗಾದ್ರೆ ಕಾಣಿಸೋದೇ," ಅಂದಳು ಖುರ್ಷಿದಾ. ಸಂತೆಬೀದಿಯಲ್ಲಿ ಒಂದು ಚಪ್ಪರ ಹಾಕಿಸಿದೆವು. ದೊಡ್ಡಮ್ಮ ಅಲ್ಲಿ ಮಿಷನ್ನಿಟ್ಟುಕೊಂಡು, ಬಂದವರ ಹರಿದ ಬಟ್ಟೆಗಳನ್ನು ಬಿಟ್ಟಿಯಾಗಿ ಹೊಲಿದುಕೊಡಬೇಕು. ಕೊರಳಿಗೊಂದು ಟೇಪು ಹಾಕಿಕೋ, ಜನಕ್ಕೆ ಸಮಾಧಾನವಾಗುತ್ತದೆ ಎಂದು ನಾನು ಹೊಸ ಟೇಪು ತಂದುಕೊಟ್ಟೆ.

"ಇದೇನೇ, ಮುದಿ ಎತ್ತಿಗೆ ಹೊಸ ಮೂಗುದಾರ," ಎಂದು ಅವಳು ನಕ್ಕಳು. ಊರು ಆಡುವ ಮಾತು ಅವಳಿಗೂ ಮುಟ್ಟಿತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಹಾಗೆ ಕಾಣಲಿಲ್ಲ, ಅಥವಾ ನನಗೆ ಕಾಣಿಸಲಿಲ್ಲ. "ಅರ್ಧ ದಾಟಿದ್ರೆ ಏನ್ ಮಾಡ್ತೀಯ ದೊಡ್ಡಮ್ಮ?" ಎಂದು ಕೇಳಿದೆ. "ಕಣ್ಣು ಮುಚ್ಕೊಂಡ್ ಕೂತ್ರಾಯ್ತು. ಕೆಂಚಯ್ಯನ ಹಂಗೆ ಮೆಟ್ಲು ಹತ್ತೋ ಕಷ್ಟ ಇಲ್ವಲ್ಲ ನಂಗೆ," ಅಂದಳು. ಅಷ್ಟು ಸಲೀಸಾಗಿ ಅಂದು, ಟೇಪನ್ನು ಕೊರಳಿಗೆ ಹಾಕಿಕೊಂಡಳು.

ಚಪ್ಪರ ಕೆಲಸ ಮಾಡಿತು. ಮೊದಲ ದಿನ ಯಾರೂ ಹತ್ತಿರ ಸುಳಿಯಲಿಲ್ಲ. ಎರಡನೇ ದಿನ ಒಬ್ಬ ಹೂವಿನವಳು ಧೈರ್ಯ ಮಾಡಿ ಹರಿದ ಸೆರಗು ತಂದಳು. ದೊಡ್ಡಮ್ಮ ಅವಳನ್ನು ಮೇಲೆ ಕೆಳಗೆ ನೋಡಿ, "ಈ ಸೆರಗು ಹರಿದಿದ್ದು ಮುಳ್ಳಿಗಲ್ಲ, ಗಂಡನ ಜಗಳಕ್ಕೆ," ಅಂದಳು. ನಿಂತವರೆಲ್ಲ ಗೊಳ್ಳೆಂದು ನಕ್ಕರು, ಹೂವಿನವಳೂ ನಕ್ಕಳು. ಆಮೇಲೆ ಸಾಲು ಹತ್ತಿತು. ಕೆರೆಯಾಚೆಯಿಂದಲೂ ಬಂದರು. ನಗುವ ಮುದುಕಿಗೆ ಹೆದರುವುದು ಹೇಗೆ? ಶನಿವಾರ ಮೂವತ್ತಾರು ಇದ್ದದ್ದು ಇಪ್ಪತ್ತೇಳಕ್ಕೆ ಇಳಿಯಿತು. ಖುರ್ಷಿದಾ ನನಗೂ ಗುರುಮಲ್ಲಪ್ಪನವರಿಗೂ ಜಾಮೂನು ತಂದು ತಿನ್ನಿಸಿದಳು. ಹಲಗೆಯ ಮುಂದೆ ನಿಂತು ಜಾಮೂನು ತಿನ್ನಬಾರದೆಂದು ಆಗ ನಮಗೆ ತಿಳಿದಿರಲಿಲ್ಲ.

ಚಪ್ಪರದ ಕೊನೆಯ ದಿನ ವರದಾಚಾರ್ ಮೇಷ್ಟ್ರು ಬಂದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಎಲ್ಲರಿಗೂ ಬೇಕಾದವರು. ದೊಡ್ಡಮ್ಮನಿಗೆ ತಮ್ಮಿಂದಲೂ ಉಪಕಾರವಾಗಲೆಂದೇ ಹಳೇ ಕೋಟು ಹಿಡಿದು ನಾಲ್ಕು ಜನರ ಎದುರಿಗೆ ಬಂದು ನಿಂತರು. ನಾನು ಪಕ್ಕದಲ್ಲೇ ಇದ್ದೆ. ದೊಡ್ಡಮ್ಮ ಅವರನ್ನು ನೋಡಿದಳು. ನಗುತ್ತಿದ್ದವಳ ಮುಖ ಸಣ್ಣಗಾಯಿತು. "ಮೇಷ್ಟ್ರೇ, ಹೋದ್ ಯುಗಾದಿಗೂ ಈಗ್ಲೂ ಅಳತೇಲಿ ಎರಡಿಂಚು ಇಳಿದ್ಹೋಗಿದೀರಲ್ಲ. ಡಾಕ್ಟರ ಹತ್ರ ತೋರಿಸ್ಕೊಳಿ," ಅಂದಳು. ಮೇಷ್ಟ್ರು, "ವಯಸ್ಸಾಯ್ತಲ್ಲ ತಾಯಿ," ಎಂದು ನಕ್ಕರು. ಸಾಲಿನಲ್ಲಿ ಯಾರೂ ನಗಲಿಲ್ಲ.

ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಿತ್ತು. ಯಾರಿಗೂ ತಿಳಿಯದ್ದನ್ನು ದೊಡ್ಡಮ್ಮನ ಕಣ್ಣು ಕಂಡಿತ್ತು, ಅಷ್ಟೇ. ಮುಂದಿನ ವಾರವೇ ಮೇಷ್ಟ್ರು ಹೋದರು. ಕೋಟನ್ನು ಒಳಗೆ ಹಿಡಿದು ಹೊಲಿದಿಟ್ಟಿದ್ದಳು, ಅದೂ ಮೊಳೆಯಲ್ಲಿ ಮೂರನೆಯದಾಗಿ ನೇತಾಡಿತು. ಸಂಸ್ಕಾರಕ್ಕೆ ಊರೆಲ್ಲ ಸೇರಿತ್ತು, ಊರೆಲ್ಲ ಒಂದೇ ಮಾತಾಡಿತು. ಈಗ ಅವಳನ್ನು ಕಂಡವರೇ ಹೆಚ್ಚು ಹೆದರಿದರು, ಯಾಕೆಂದರೆ ಅವಳೂ ಅವರನ್ನು ಕಂಡಿದ್ದಳಲ್ಲ. ಚಪ್ಪರ ಹಾಕಿಸಿ ಊರಿನ ಅರ್ಧ ಜನವನ್ನು ಆ ಕಣ್ಣಿನ ಮುಂದೆ ಸಾಲಾಗಿ ನಿಲ್ಲಿಸಿದವಳು ನಾನೇ. ಶನಿವಾರ ನಲವತ್ತೇಳು.

"ಇನ್ನು ಒಂದೇ ದಾರಿ," ಅಂದರು ಗುರುಮಲ್ಲಪ್ಪನವರು. "ಬೇರೆ ಭಯ ಎಬ್ಬಿಸ್ಬೇಕು. ದೊಡ್ಡದನ್ನೇ." ಕೆರೆ ಏರಿಯನ್ನು ಆರಿಸಿದರು. ಏರಿ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅದರ ಭಯ ಅರ್ಧ ದಾಟಿದರೆ ಕೆಳಗಿನ ಮೂರು ಬೀದಿ ಉಳಿಯುವುದಿಲ್ಲ. ಅದು ಗೊತ್ತಿದ್ದೂ ಬರೆದೆ. ಏರಿ ಬಿರುಕು ಬಿಟ್ಟಿದೆ ಎಂದು ಬರೆಯಲಿಲ್ಲ. ನಮ್ಮ ಕೆಲಸದಲ್ಲಿ ಹಾಗೆ ಬರೆಯುವವರು ದಡ್ಡರು. 'ಇಂದಿನಿಂದ ಏರಿಯ ಮೇಲೆ ಭಾರದ ಗಾಡಿಗಳನ್ನು ನಿಲ್ಲಿಸಬಾರದು' ಎಂದಷ್ಟೇ ಬರೆದು ನಾಲ್ಕು ಕಡೆ ಅಂಟಿಸಿದೆ. ಮಿಕ್ಕಿದ್ದನ್ನು ಜನ ತಾವೇ ಹೊಲಿದುಕೊಂಡರು.

ಆ ವಾರ ದೊಡ್ಡಮ್ಮನ ಬಾಗಿಲಿಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಹಾಲಿನವನು ಚೊಂಬನ್ನು ದೂರದಲ್ಲಿಟ್ಟು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಎದುರು ಮನೆಯವರು ಕಿಟಕಿಗೆ ರಗ್ಗು ಕಟ್ಟಿದರು. ನಾನು ಬೆಳಿಗ್ಗೆ ಸಂಜೆ ಅವಳ ಮನೆಗೆ ಹೋಗಿಬರುತ್ತಿದ್ದೆ, ಮೊದಲಿನ ಹಾಗೆಯೇ. ಕೆಲಸ ಜಾಸ್ತಿಯಾದ್ದರಿಂದ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಊಟಕ್ಕೆ ಅವಳ ಎದುರಿಗೆ ಕೂರುತ್ತಿದ್ದವಳು ಪಕ್ಕಕ್ಕೆ ಕೂರತೊಡಗಿದ್ದೆ, ಬೆಳಕು ಆ ಕಡೆ ಚೆನ್ನಾಗಿತ್ತು.

ಶನಿವಾರ ಗುರುಮಲ್ಲಪ್ಪನವರು ಹಲಗೆಯ ಮೇಲೆ ಬರೆದು ಮುಗಿಸಿ ಹಿಂದೆ ಸರಿದು ನಿಂತರು. ಏರಿಯ ಭಯ ಇಪ್ಪತ್ತೊಂಬತ್ತಕ್ಕೆ ಬಂದಿತ್ತು. ಕಣ್ಣಳತೆ ಮಾತ್ರ ಇಳಿದಿರಲಿಲ್ಲ. ನಲವತ್ತೊಂಬತ್ತು.

"ಏರಿಗೆ ಬಂದೋರು ಎಲ್ಲಿಂದ ಬಂದ್ರು?" ಎಂದು ನಾನು ಕೇಳಿದೆ. ಅವರು ಹಲಗೆಯ ಕೆಳಭಾಗವನ್ನು ತೋರಿಸಿದರು. ಗೂಬೆ, ಹಾಳುಬಾವಿ, ಸಿಡಿಲು, ಸೂಜಿಮದ್ದು, ತೊಟ್ಟಿಲಲ್ಲಿ ಕೊಟ್ಟ ಸಣ್ಣಪುಟ್ಟ ಭಯಗಳ ಮುಂದೆಲ್ಲ ಒಂದು, ಸೊನ್ನೆ, ಸೊನ್ನೆ. ಜನ ಆ ಚಿಕ್ಕ ಭಯಗಳನ್ನು ಬಿಟ್ಟು ಏರಿಗೆ ಬಂದಿದ್ದರು. ಕಣ್ಣಿಗೆ ಹೆದರಿದವರಲ್ಲಿ ಒಬ್ಬರೂ ಅಲುಗಿರಲಿಲ್ಲ. ಹಲ್ಲಿಯ ಮುಂದೆಯೂ ಸೊನ್ನೆ ಇತ್ತು. ಯಾರನ್ನು ಕೇಳಿದರೋ, ನನ್ನ ಪಕ್ಕದ ಮನೆಯವರನ್ನಂತೂ ಕೇಳಿರಲಿಕ್ಕಿಲ್ಲ ಎಂದುಕೊಂಡೆ.

"ನಲವತ್ತೊಂಬತ್ತು ಅಂದ್ರೆ ದಾಟಿಲ್ಲ ತಾನೆ ಸಾರ್?"

"ನಾವು ನೋಡಿರೋದು ಒಂದು ಹಿಡಿ ಅಗುಳಮ್ಮ. ಮೂರೋ ನಾಲ್ಕೋ ಅತ್ತ ಇತ್ತ ಇದ್ದೇ ಇರುತ್ತೆ. ನಲವತ್ತಾರೂ ಇರ್ಬೋದು, ಐವತ್ತೆರಡೂ ಇರ್ಬೋದು."

"ಮತ್ತೆ ಗೊತ್ತಾಗೋದು ಹೇಗೆ?"

ಅವರು ಸೀಮೆಸುಣ್ಣವನ್ನು ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡರು. "ನೀಲಾಂಬಿಕೆ, ಇವತ್ತು ಖುರ್ಷಿದಾ ಮನೇಲಿ ಉಳ್ಕೊಳಮ್ಮ. ನಿಮ್ಮ ದೊಡ್ಡಮ್ಮನ ಕಣ್ಣಿಗೆ ಬೀಳ್ಬೇಡ."

ನನಗೆ ಮೈ ಉರಿದುಹೋಯಿತು. "ನೀವೂನಾ ಸಾರ್?" ಅಂದೆ. ಅವರು ತಲೆ ತಗ್ಗಿಸಿದರು. ಖುರ್ಷಿದಾ ಕಿಟಕಿಯಾಚೆ ನೋಡುತ್ತಿದ್ದಳು. ಇಬ್ಬರ ಮೇಲೂ ಸಿಟ್ಟು ಬಂದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಉಂಡ ಮನೆಯ ಜಂತೆ ಎಣಿಸುವವರು, ದೊಡ್ಡಮ್ಮ ಹೊಲಿದ ಷರಟನ್ನೇ ತೊಟ್ಟುಕೊಂಡು ದೊಡ್ಡಮ್ಮನಿಗೆ ಹೆದರುವವರು. ಊರು ಹೆದರಲಿ, ನಾನು ಹೆದರುವವಳಲ್ಲ. ಇಪ್ಪತ್ತು ಸಾವಿರ ಜನರಲ್ಲಿ ಅವಳ ಪಕ್ಕಕ್ಕೆ ನಿಲ್ಲಲು ನಾನೊಬ್ಬಳಾದರೂ ಇದ್ದೇನೆ. ನಮ್ಮ ಬೀದಿಯಲ್ಲಿ ಮಟಮಟ ಮಧ್ಯಾಹ್ನವೇ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಿಷನ್ನಿನ ಸದ್ದೊಂದೇ ಕೇಳುತ್ತಿತ್ತು.

ದೊಡ್ಡಮ್ಮ ಕಿಟಕಿಯ ಬಳಿ ಮಿಷನ್ನಿನ ಮುಂದೆ ಕೂತಿದ್ದಳು. ಬಾಗಿಲಿಗೆ ಬೆನ್ನು. ಕಪ್ಪು ಬಟ್ಟೆಯ ಉದ್ದನೆಯ ಪಟ್ಟಿಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಯಾವುದೋ ಸ್ಕೂಲ್ ಯೂನಿಫಾರಂನ ಬೆಲ್ಟು ಅಂದುಕೊಂಡೆ. ಗಿರಾಕಿಯೇ ಇಲ್ಲದಿರುವಾಗ ಯಾವ ಯೂನಿಫಾರಂ ಎಂದು ನನಗೆ ಹೊಳೆಯಲಿಲ್ಲ.

"ಬಂದ್ಯಾ? ಎಷ್ಟಾಯ್ತು?" ಎಂದು ತಿರುಗದೆಯೇ ಕೇಳಿದಳು.

"ಇಳೀತು ದೊಡ್ಡಮ್ಮ. ನಲವತ್ತರ ಹತ್ರ."

"ಹೂಂ." ಪೆಡಲು ತುಳಿಯುತ್ತಲೇ ಇದ್ದಳು. "ಆ ಗೂಡಲ್ಲಿ ಹುರಿಗಾಳು ಇಟ್ಟಿದೀನಿ, ತಗೋ."

ನಾನು ಗೋಡೆಯ ಗೂಡಿಗೆ ಕೈ ಹಾಕಿದೆ. ಆಗ ಮಿಷನ್ನು ನಿಂತಿತು. ದೊಡ್ಡಮ್ಮ ದಾರ ಕತ್ತರಿಸಿ, ಕುರ್ಚಿಯಲ್ಲೇ ತಿರುಗಿ ನನ್ನ ಕಡೆ ನೋಡಿದಳು. ಯಾವತ್ತಿನ ಹಾಗೆ, ತಲೆಯಿಂದ ಕಾಲಿನವರೆಗೆ. ನಾನು ಸೆರಗನ್ನು ಮೈತುಂಬ ಹೊದ್ದುಕೊಂಡಿದ್ದೆನೆಂದು ಆಮೇಲೆ ನೆನಪಾಯಿತು. ಅವಳ ಕಣ್ಣು ಎದೆಯ ಹತ್ತಿರ ಒಂದು ಕ್ಷಣ ನಿಂತಿತೇ? ಮೇಷ್ಟ್ರನ್ನು ನೋಡಿದಾಗಲೂ ಹೀಗೇ ನಿಂತಿತ್ತಲ್ಲವೇ? ನಾನು ಇಳಿದುಹೋಗಿದ್ದೇನೆಯೇ? ಅವಳು ಬೇಗ ಬೇರೆ ಕಡೆ ನೋಡಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು.

ಆ ಹೊತ್ತಿಗೆ ಗೂಡಿನ ಮೇಲಿನಿಂದ ಏನೋ ನನ್ನ ಮುಂಗೈ ಮೇಲೆ ಬಿತ್ತು. ನಾನು ಅದನ್ನು ಕೊಡವಿದೆ. ನೆಲಕ್ಕೆ ಬಿದ್ದು, ಬಾಲ ಆಡಿಸಿಕೊಂಡು ಮಿಷನ್ನಿನ ಕೆಳಗೆ ಓಡಿತು. ನಾನು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ನನ್ನ ಕಣ್ಣು ದೊಡ್ಡಮ್ಮನ ಕಣ್ಣಿನ ಮೇಲೆಯೇ ಇತ್ತು.

ದೊಡ್ಡಮ್ಮನ ಕೈ ಆಗಲೇ ಮೂಲೆಯ ಪೊರಕೆಯ ಮೇಲಿತ್ತು. ನನ್ನ ಕಿರುಚಾಟಕ್ಕೆ ಕಾದಳು. ನಾನು ಕಿರುಚಲಿಲ್ಲ. ಅವಳು ಮಿಷನ್ನಿನ ಕೆಳಗೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು, ನಾನು ತಲೆ ತಗ್ಗಿಸಿದೆ.

"ಹಲ್ಲಿ ಕಣೆ ಅದು," ಅಂದಳು ಮೆಲ್ಲಗೆ.

ನನಗೆ ಆಗ ಗೊತ್ತಾಯಿತು. ಹಲಗೆಯ ಮೇಲಿನ ಆ ಸೊನ್ನೆ ನನ್ನದು. ಊಟಕ್ಕೆ ಪಕ್ಕಕ್ಕೆ ಕೂರಲು ಶುರುಮಾಡಿದ್ದು ಬೆಳಕಿಗಾಗಿ ಅಲ್ಲ. ಇಪ್ಪತ್ತು ಸಾವಿರದಲ್ಲಿ ಅವಳ ಪಕ್ಕ ನಿಂತವಳೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವಳು ನಾನು, ಯಾವ ದಿನ ಆ ಕಡೆ ಸೇರಿದೆನೋ ನನಗೇ ತಿಳಿಯಲಿಲ್ಲ. ನಲವತ್ತೊಂಬತ್ತನ್ನು ಐವತ್ತರಾಚೆ ತಳ್ಳುವುದಕ್ಕೆ ಎಷ್ಟು ಜನ ಬೇಕು?

ದೊಡ್ಡಮ್ಮ ಪೊರಕೆಯನ್ನು ಮೂಲೆಗೆ ಒರಗಿಸಿಟ್ಟಳು. ಗೋಡೆಯ ಕಡೆ ತಿರುಗಿ ಕೂತಳು. ಮಿಷನ್ನಿನ ಮೇಲಿದ್ದ ಕಪ್ಪು ಪಟ್ಟಿಯನ್ನು ತೆಗೆದುಕೊಂಡು ಕಣ್ಣಿಗೆ ಕಟ್ಟಿಕೊಂಡು, ಹಿಂದೆ ಗಂಟು ಹಾಕಿದಳು. ಒಂದು ನೂಲು ಹೆಚ್ಚುಕಮ್ಮಿಯಿರಲಿಲ್ಲ, ಅಳತೆ ಸರಿಯಾಗಿ ಕೂತಿತು. ಅವಳು ಕಟ್ಟಿಕೊಂಡದ್ದನ್ನು ನೋಡಿ ನನ್ನ ಎದೆ ಹಗುರಾಯಿತು. ಅದು ಹಗುರಾದದ್ದನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

"ನೀಲೂ," ಅಂದಳು ಗೋಡೆಗೆ ಮುಖ ಮಾಡಿಕೊಂಡೇ. "ಖುರ್ಷಿದಾ ಮೊನ್ನೆ ಬಂದಿದ್ಲು. ಈ ಸಲ ಚೀಟೀಲಿ ನಮ್ಮನೆ ಬಂದಿತ್ತಂತೆ. ಪಕ್ಕದ ಮನೆಯವ್ರಿಗೆ ಯಾವುದರ ಭಯ ಅಂತ ಕೇಳಿದ್ಲು. ಹಲ್ಲಿ ಅಂದೆ. ಪಾಪ, ನನ್ನ ಮುಖ ನೋಡಿ ಸುಳ್ಳು ಅಂತ ಗೊತ್ತಾಯ್ತೇನೋ, ಬರ್ಕೊಳ್ದೆ ಹೋದ್ಲು."

"ಹಲ್ಲೀನೇ ದೊಡ್ಡಮ್ಮ," ಅಂದೆ. "ನಂಗೆ ಹಲ್ಲೀದೇ ಭಯ."

ಅವಳು ಹೂಂ ಅಂದಳು. ಕೈಯಲ್ಲೇ ತಡವಿ ಕತ್ತರಿಯನ್ನು ಡಬ್ಬಿಯೊಳಗೆ ಇಟ್ಟಳು, ನಾನು ತಂದುಕೊಟ್ಟ ಟೇಪನ್ನು ಸುತ್ತಿ ಅದರ ಪಕ್ಕಕ್ಕೆ ಇಟ್ಟಳು, ಮುಚ್ಚಳ ಹಾಕಿದಳು.

"ಹಂಗಾದ್ರೆ ಮಿಷನ್ನಿನ ಕೆಳಗೆ ಐತೆ ನೋಡು," ಅಂದಳು. "ಇನ್ಮೇಲೆ ಅದನ್ನ ನೀನೇ ಓಡಿಸ್ಕೋಬೇಕು ಕಣವ್ವ. ನಂಗೆ ಕಾಣಲ್ಲ."